ಪಲ್ಮನರಿ ಹೈಪರ್‌ಟೆನ್ಶನ್ ಎಷ್ಟು ಜೋರಾಗಿದೆ ಅಂತ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಲ್ಯಾಬ್ ಕಡೆಯವನು, ಡಾಕ್ಟರ್ ಅಲ್ಲ. ರಿಪೋರ್ಟ್ ಕೈಗೆ ಕೊಟ್ಟ ಕೂಡಲೇ ಜನ ಮೊದಲು ನೋಡುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ನಂಬರನ್ನು, ಆಮೇಲೆ ನಮ್ಮ ಮುಖವನ್ನು. ಡಾಕ್ಟರ್ ಸಿಗುವುದು ಇನ್ನೆರಡು ದಿನ ಬಿಟ್ಟು. ಅಷ್ಟರೊಳಗೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ಅರ್ಧ ಜೀವ ಆಗಿರುತ್ತಾರೆ. ಅಂಥವರು ಕೌಂಟರಿನಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಮಾತ್ರೆ ಶುರು ಮಾಡೋದು, ಬಿಡೋದು, ಬದಲಿಸೋದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಅವರ ಜೊತೆ ಮಾತಾಡುವ ಮುಂಚೆ ಓದಿಕೊಳ್ಳೋಕೆ ಇದು.

ಪಲ್ಮನರಿ ಹೈಪರ್‌ಟೆನ್ಶನ್ ಅಂದ್ರೆ ಮಾಮೂಲಿ ಬಿಪಿನೇ ಅಲ್ವಾ?

ಅಲ್ಲ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಇಡೀ ಮೈಗೆ ರಕ್ತ ಒಯ್ಯುವ ನಾಳಗಳದ್ದು. ಇದು ಹೃದಯದ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗುವ ನಾಳಗಳ ಒತ್ತಡ. ತೋಳಿನ ಬಿಪಿ 110/70 ಇದ್ದು, ಎಲ್ಲರೂ "ನಿಂಗೇನಾಗಿದೆ, ಬಿಪಿ ಸರಿಯಾಗೇ ಇದೆಯಲ್ಲ" ಅನ್ನುತ್ತಿರುವಾಗಲೇ ಮೆಟ್ಟಿಲು ಹತ್ತೋಕೆ ಆಗದೆ ಏದುಸಿರು ಬರುತ್ತಿರಬಹುದು.

ಸುಮ್ಮನೆ ಮಲಗಿದ್ದಾಗ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಎಂಎಂ ಪಾದರಸ ದಾಟಿದರೆ ಪಲ್ಮನರಿ ಹೈಪರ್‌ಟೆನ್ಶನ್, ಚಿಕ್ಕದಾಗಿ ಪಿಎಚ್. ಯುರೋಪಿನ ಹೃದ್ರೋಗ ಮತ್ತು ಶ್ವಾಸಕೋಶ ತಜ್ಞರ ಸಂಘಗಳು 2022ರ ಮಾರ್ಗಸೂಚಿಯಲ್ಲಿ ಈ ಗೆರೆ ಹಾಕಿವೆ. ಅದಕ್ಕೂ ಮೊದಲು ಗೆರೆ 25ಕ್ಕೆ ಇತ್ತು. ಕಾರಣ ನೋಡಿ ಐದು ಗುಂಪು ಮಾಡುತ್ತಾರೆ: ಶ್ವಾಸಕೋಶದ ಸಣ್ಣ ನಾಳಗಳೇ ಕಿರಿದಾಗುವುದು (ಇದನ್ನು ಪಿಎಎಚ್ ಅಂತಾರೆ), ಹೃದಯದ ಎಡಗಡೆಯ ತೊಂದರೆಯಿಂದ ಬರುವುದು, ಶ್ವಾಸಕೋಶದ ಕಾಯಿಲೆಯಿಂದ ಬರುವುದು, ಹಳೆಯ ರಕ್ತದ ಗಡ್ಡೆ ಕರಗದೆ ಉಳಿದು ಬರುವುದು, ಉಳಿದವೆಲ್ಲ ಐದನೆಯದು. ಎರಡನೇ ಗುಂಪಿನವರೇ ಎಲ್ಲಕ್ಕಿಂತ ಜಾಸ್ತಿ. ನಮ್ಮ ಕಡೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ಮೂವತ್ತು ನಲವತ್ತರ ವಯಸ್ಸಿಗೆ ಪಿಎಚ್ ಆಗಿ ಬರುವವರೂ ಇದ್ದಾರೆ. ವರ್ಷಗಟ್ಟಲೆ ಸೌದೆ ಒಲೆ ಊದಿ ಶ್ವಾಸಕೋಶ ಹಾಳಾದ ಹೆಂಗಸರು ಮೂರನೇ ಗುಂಪಿನಲ್ಲಿ ಬರಬಹುದು.

ಯಾವ ಗುಂಪು ಅಂತ ಕೇಳಿ ತಿಳ್ಕೊಂಡಿರಿ. ಕೆಳಗೆ ಬರುವ ನಂಬರ್‌ಗಳ ಅರ್ಥ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ.

ರಕ್ತ ಪರೀಕ್ಷೆ ಒಂದರಲ್ಲೇ ಪಿಎಚ್ ಇದೆಯೋ ಇಲ್ಲವೋ ಹೇಳೋಕಾಗಲ್ವಾ?

ಆಗಲ್ಲ. ಅನುಮಾನ ಶುರುವಾಗೋದು ಎಕೋದಲ್ಲಿ (ಶಬ್ದದ ಅಲೆಯಿಂದ ಹೃದಯ ನೋಡುವ ಸ್ಕ್ಯಾನ್), ಖಾತ್ರಿಯಾಗೋದು ಹೃದಯದ ಬಲಗಡೆಯ ಕ್ಯಾಥೆಟರ್ ಪರೀಕ್ಷೆಯಲ್ಲಿ. ಕತ್ತಿನ ಅಥವಾ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಬಿಟ್ಟು ಒತ್ತಡವನ್ನು ನೇರವಾಗಿ ಅಳೆಯುತ್ತಾರೆ. (1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಅನ್ನೋ ಯುವ ಡಾಕ್ಟರ್ ತನ್ನ ತೋಳಿನ ನಾಳಕ್ಕೆ ತಾನೇ ಇಂಥ ಕೊಳವೆ ತೂರಿಸಿಕೊಂಡು, ಹಾಗೇ ನಡೆದು ಹೋಗಿ ಎಕ್ಸ್‌ರೇ ತೆಗೆಸಿಕೊಂಡಿದ್ದ. 1956ರಲ್ಲಿ ನೊಬೆಲ್ ಕೂಡ ಬಂತು. ಇವತ್ತು ಇದು ಎಷ್ಟೋ ಆಸ್ಪತ್ರೆಗಳಲ್ಲಿ ದಿನಾ ಆಗುವ ಕೆಲಸ.)

ರಕ್ತ ಪರೀಕ್ಷೆಯ ಕೆಲಸ ಬೇರೆ. ಕಾಯಿಲೆ ಖಾತ್ರಿಯಾದ ಮೇಲೆ ಅದು ಎಷ್ಟು ಭಾರವಾಗಿದೆ, ಔಷಧಿ ಕೆಲಸ ಮಾಡ್ತಿದೆಯಾ, ಮುಂದೆ ಅಪಾಯ ಎಷ್ಟು ಅಂತ ಅಂದಾಜು ಮಾಡೋಕೆ ಅದು ಬೇಕು. ಪ್ರತಿ ಮೂರು ತಿಂಗಳಿಗೆ ಕ್ಯಾಥೆಟರ್ ಹಾಕಿ ಕೂರೋಕಾಗುತ್ತಾ?

ಎನ್‌ಟಿ-ಪ್ರೊಬಿಎನ್‌ಪಿ ಅಂದ್ರೆ ಏನು? ಎಲ್ಲರೂ ಇದರ ಬಗ್ಗೆನೇ ಮಾತಾಡ್ತಾರಲ್ಲ?

ಪಿಎಚ್‌ನಲ್ಲಿ ಅತಿ ಹೆಚ್ಚು ನಂಬಿಕೆ ಗಳಿಸಿರುವ ರಕ್ತದ ಸೂಚಕ ಇದೇ. ಇದು ಶ್ವಾಸಕೋಶದ ಒತ್ತಡವನ್ನು ಅಳೆಯುವುದಿಲ್ಲ, ಆ ಒತ್ತಡದ ಎದುರು ಹೃದಯ ಎಷ್ಟು ಒದ್ದಾಡ್ತಿದೆ ಅಂತ ಹೇಳುತ್ತದೆ. ಅರ್ಧ ಮುಚ್ಚಿದ ಪೈಪಿಗೆ ನೀರು ನೂಕುವ ಮೋಟರ್ ಇದ್ದ ಹಾಗೆ ಅಂದ್ಕೊಳ್ಳಿ: ಕ್ಯಾಥೆಟರ್ ಹೇಳುವುದು ಪೈಪಿನೊಳಗಿನ ಒತ್ತಡ, ಈ ಟೆಸ್ಟ್ ಹೇಳುವುದು ಮೋಟರ್ ಎಷ್ಟು ಬಿಸಿಯಾಗಿದೆ ಅಂತ.

ಒಳಗೆ ನಡೆಯುವುದು ಇಷ್ಟು. ಶ್ವಾಸಕೋಶದ ನಾಳ ಕಿರಿದಾದಾಗ ಹೃದಯದ ಬಲಗಡೆಯ ಕೆಳಕೋಣೆ ಜಾಸ್ತಿ ಬಲ ಹಾಕಬೇಕಾಗುತ್ತದೆ. ಅದರ ಗೋಡೆ ಹಿಗ್ಗುತ್ತದೆ. ಹಿಗ್ಗಿದ ಗೋಡೆಯ ಜೀವಕೋಶಗಳು 108 ಅಮೈನೋ ಆಮ್ಲಗಳ ಒಂದು ಪ್ರೋಟೀನ್ ತಯಾರಿಸುತ್ತವೆ. ಅದು ಎರಡು ತುಂಡಾಗುತ್ತದೆ. 32ರ ತುಂಡು ಬಿಎನ್‌ಪಿ. ಇದು ಕೆಲಸ ಮಾಡುವ ಹಾರ್ಮೋನು: ಮೂತ್ರದಲ್ಲಿ ಉಪ್ಪು ನೀರು ಹೊರಗೆ ಹಾಕಿಸಿ, ರಕ್ತನಾಳ ಸಡಿಲಿಸಿ ಹೃದಯದ ಹೊರೆ ಇಳಿಸೋಕೆ ನೋಡುತ್ತದೆ. 76ರ ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಇದಕ್ಕೆ ಅಂಥ ಕೆಲಸವೇನಿಲ್ಲ, ಆದರೆ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಹಾಗಾಗಿ ಅಳೆಯೋಕೆ ಸುಲಭ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಬಿಎನ್‌ಪಿಯನ್ನು ಮೊದಲು ಕಂಡದ್ದು ಹಂದಿಯ ಮೆದುಳಿನಲ್ಲಿ. ಮುಖ್ಯವಾಗಿ ಬರುವುದು ಹೃದಯದಿಂದ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ರಿಪೋರ್ಟಿನಲ್ಲಿ ಬ್ರೈನ್ ಅಂತ ಇದ್ದರೆ ಗಾಬರಿ ಬೇಡ, ತಲೆಗೇನೂ ಆಗಿಲ್ಲ.

ಬಿಎನ್‌ಪಿ ಮಾಡಿಸಲಾ, ಎನ್‌ಟಿ-ಪ್ರೊಬಿಎನ್‌ಪಿ ಮಾಡಿಸಲಾ?

ಡಾಕ್ಟರ್ ಬರೆದುಕೊಟ್ಟದ್ದನ್ನೇ ಮಾಡಿಸಿ, ಮತ್ತೆ ಮುಂದೆಯೂ ಅದನ್ನೇ. ಒಮ್ಮೆ ಇದು ಒಮ್ಮೆ ಅದು ಮಾಡಿಸಿದರೆ ಹೋಲಿಸೋಕೆ ಬರೋದಿಲ್ಲ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಿ ತೆಗೆಯುವ ನಂಬಿಕಸ್ಥ ಸೂತ್ರವೂ ಇಲ್ಲ.

ಲ್ಯಾಬಿನವನಾಗಿ ಕೇಳಿದರೆ ನನಗೆ ಎನ್‌ಟಿ-ಪ್ರೊಬಿಎನ್‌ಪಿ ಇಷ್ಟ. ಬಿಎನ್‌ಪಿಯ ಆಯಸ್ಸು ಕಡಿಮೆ, ರಕ್ತದಲ್ಲಿ ಇಪ್ಪತ್ತೇ ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ಅದಕ್ಕೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು, ಅದೂ ಪ್ಲಾಸ್ಟಿಕ್ಕಿನದು, ಮತ್ತೆ ಕೆಲವೇ ಗಂಟೆಗಳಲ್ಲಿ ಮಿಷನ್‌ಗೆ ಹೋಗಬೇಕು. ತಾಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಗ್ಗೆ ರಕ್ತ ತೆಗೆದು, ಮಧ್ಯಾಹ್ನದ ಬಸ್ಸಿಗೆ ಹಾಕಿ, ರಾತ್ರಿ ಬೆಂಗಳೂರು ಮುಟ್ಟಿದ ಸ್ಯಾಂಪಲ್‌ನಲ್ಲಿ ಬಿಎನ್‌ಪಿ ನೋಡಿದರೆ ನಂಬರ್ ಸುಳ್ಳೇ ಕಡಿಮೆ ಬರಬಹುದು. ಎನ್‌ಟಿ-ಪ್ರೊಬಿಎನ್‌ಪಿ ಅಷ್ಟು ಬೇಗ ಕೆಡೋದಿಲ್ಲ, ಹಳದಿ ಮುಚ್ಚಳದ ಮಾಮೂಲಿ ಸೀರಮ್ ಟ್ಯೂಬಿನಲ್ಲೂ ಆಗುತ್ತದೆ. ಇನ್ನೊಂದು ವಿಷಯ: ಹೃದಯ ವೈಫಲ್ಯಕ್ಕೆ ಸ್ಯಾಕ್ಯುಬಿಟ್ರಿಲ್ ಇರುವ ಮಾತ್ರೆ ತಗೊಳ್ಳುವವರಲ್ಲಿ ಬಿಎನ್‌ಪಿ ಮಾತ್ರೆಯಿಂದಲೇ ಏರಬಹುದು. ಅವರಿಗೆ ಎನ್‌ಟಿ-ಪ್ರೊಬಿಎನ್‌ಪಿಯೇ ಸರಿ.

ನನಗೆ ಪಿಎಎಚ್ ಇದೆ, ಎನ್‌ಟಿ-ಪ್ರೊಬಿಎನ್‌ಪಿ 260 ಬಂದಿದೆ. ರಿಪೋರ್ಟಿನಲ್ಲಿ 125ರ ಒಳಗೆ ಇರಬೇಕು ಅಂತ ಅಚ್ಚಾಗಿದೆ. ಡಾಕ್ಟರ್ ನೋಡಿದ್ರೆ ಖುಷಿಯಾಗಿದ್ದಾರೆ. ಯಾರನ್ನ ನಂಬಲಿ?

ಡಾಕ್ಟರನ್ನ. ಕೌಂಟರಿನಲ್ಲಿ ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ರಿಪೋರ್ಟಿನ ಬಲಬದಿಯಲ್ಲಿ ಅಚ್ಚಾಗುವ 125 ಪಿಕೋಗ್ರಾಂ ಅನ್ನೋ ಗೆರೆ ದಮ್ಮು ಅಂತ ಬಂದವರಲ್ಲಿ ಹೃದಯ ವೈಫಲ್ಯ ಇಲ್ಲ ಅಂತ ಹೇಳೋಕೆ ಇಟ್ಟದ್ದು. ನಿಮಗೆ ಪಿಎಎಚ್ ಇದೆ ಅಂತ ಆಗಲೇ ಗೊತ್ತಿದೆ. ಈಗ ಕೇಳುತ್ತಿರುವುದು ಅಪಾಯ ಎಷ್ಟು ಅಂತ. ಅದಕ್ಕೆ ಬೇರೆಯೇ ಗೆರೆಗಳಿವೆ, ಆ ಲೆಕ್ಕದಲ್ಲಿ 300ರ ಒಳಗಿದ್ದರೆ ಕಡಿಮೆ ಅಪಾಯ. ಮಿಷನ್‌ಗೆ ನಿಮ್ಮ ಕಾಯಿಲೆ ಗೊತ್ತಿಲ್ಲ. 125 ದಾಟಿದ್ದಕ್ಕೆಲ್ಲ ಸುಮ್ನೆ ದಪ್ಪ ಅಕ್ಷರದಲ್ಲಿ ಅಚ್ಚು ಹೊಡೆಯುತ್ತದೆ.

ಹಾಗಾದ್ರೆ ಆ ಗೆರೆಗಳು ಯಾವುವು?

2022ರ ಮಾರ್ಗಸೂಚಿ ಪ್ರಕಾರ ಪಿಎಎಚ್ ಮೊದಲ ಸಲ ಗೊತ್ತಾದಾಗ ಮೂರು ಮಟ್ಟ. ಎನ್‌ಟಿ-ಪ್ರೊಬಿಎನ್‌ಪಿ 300ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅಪಾಯ, 300ರಿಂದ 1100 ಮಧ್ಯಮ, 1100 ದಾಟಿದರೆ ಹೆಚ್ಚು. ಬಿಎನ್‌ಪಿ ಆದರೆ 50, 800 ಅನ್ನೋ ಗೆರೆಗಳು. ಹಳೆಯ ಬರಹಗಳಲ್ಲಿ 1400 ಅಂತ ಕಾಣಿಸಿದರೆ ಅದು 2015ರ ಮಾರ್ಗಸೂಚಿಯದು.

ಔಷಧಿ ಶುರುವಾದ ಮೇಲೆ ಮಧ್ಯಮವನ್ನು ಎರಡು ಮಾಡುತ್ತಾರೆ, ಒಟ್ಟು ನಾಲ್ಕು ಮಟ್ಟ: 300ರ ಒಳಗೆ 1 ಅಂಕ, 300ರಿಂದ 649ಕ್ಕೆ 2, 650ರಿಂದ 1100ಕ್ಕೆ 3, ಅದರ ಮೇಲೆ 4. ಇದೊಂದೇ ಅಲ್ಲ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದಿರಿ ಅನ್ನುವುದಕ್ಕೂ ಅಂಕ ಇದೆ (440 ದಾಟಿದರೆ 1, 320ರಿಂದ 440ಕ್ಕೆ 2, 165ರಿಂದ 319ಕ್ಕೆ 3, ಅದಕ್ಕೂ ಕಡಿಮೆ ಆದರೆ 4). ದಿನನಿತ್ಯದ ಕೆಲಸದಲ್ಲಿ ಎಷ್ಟು ಏದುಸಿರು ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ದರ್ಜೆ ಮೂರನೆಯದು. ದರ್ಜೆ 1 ಅಥವಾ 2 ಆದರೆ 1 ಅಂಕ, ದರ್ಜೆ 3 ಆದರೆ 3, ದರ್ಜೆ 4 ಆದರೆ 4. ಮೂರನ್ನೂ ಕೂಡಿಸಿ, ಮೂರರಿಂದ ಭಾಗಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತಿರುಗಿಸುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಎನ್‌ಟಿ-ಪ್ರೊಬಿಎನ್‌ಪಿ 900, ಅಂದ್ರೆ 3. ನಡಿಗೆ 350 ಮೀಟರ್, 2. ಮನೆಯೊಳಗೆ ಬಟ್ಟೆ ಒಗೆದರೂ ದಮ್ಮು, ಕೂತರೆ ಸರಿ, ಅಂದ್ರೆ ದರ್ಜೆ 3, ಅದಕ್ಕೆ 3. ಒಟ್ಟು 8, ಭಾಗಿಸಿದರೆ 2.67, ಅಂದ್ರೆ 3. ಮಧ್ಯಮದಲ್ಲಿ ಮೇಲಿನ ಮಟ್ಟ. ಡಾಕ್ಟರ್ "ಇನ್ನೊಂದು ಮಾತ್ರೆ ಸೇರಿಸೋಣ" ಅಂದರೆ ಅದರ ಹಿಂದೆ ಇಂಥ ಲೆಕ್ಕ ಇರುತ್ತದೆ. ಅಮೆರಿಕದಲ್ಲಿ ರಿವೀಲ್ ಅನ್ನೋ ಬೇರೆ ಅಂಕಪಟ್ಟಿ ಜಾಸ್ತಿ ಬಳಸುತ್ತಾರೆ. ಅದರಲ್ಲಿ ಕಿಡ್ನಿ, ಬಿಪಿ, ನಾಡಿ ಎಲ್ಲ ಸೇರುತ್ತವೆ.

ಈ ಗೆರೆಗಳು ಪಿಎಎಚ್ ಇರುವ ದೊಡ್ಡವರಿಗೆ. ಎಡಗಡೆಯ ಹೃದಯ ಕಾಯಿಲೆಯಿಂದ ಪಿಎಚ್ ಬಂದಿದ್ದರೆ ಎಡಗಡೆಯ ಕೋಣೆಯೂ ಇದೇ ಪ್ರೋಟೀನ್ ಸುರಿಸುತ್ತಿರುತ್ತದೆ. ಯಾವ ಕಡೆಯಿಂದ ಬಂತು ಅಂತ ಮಿಷನ್ ಹೇಳೋಕಾಗಲ್ಲ.

ಕಳೆದ ಸಲಕ್ಕಿಂತ ನೂರು ಕಡಿಮೆ ಆಗಿದೆ. ಗುಣ ಆಗ್ತಿದೆ ಅಂತ ಅರ್ಥನಾ?

ನೂರು ಅನ್ನುವುದು ಎಷ್ಟರಲ್ಲಿ ನೂರು ಅನ್ನೋದರ ಮೇಲಿದೆ. ಯಾವ ಬದಲಾವಣೆಯೂ ಇಲ್ಲದ ಮನುಷ್ಯನಲ್ಲೂ ಈ ನಂಬರ್ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಸುಮಾರಾಗಿ ಶೇ 30ಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ಏನೋ ಆಗಿದೆ ಅಂತ ಗಂಭೀರವಾಗಿ ನೋಡುತ್ತಾರೆ.

ಹೀಗೊಂದು ಫೈಲ್ ಇದೆ ಅಂದ್ಕೊಳ್ಳಿ. ಜನವರಿ 1620. ಏಪ್ರಿಲ್ 1480. ಜುಲೈ 780. ಅಕ್ಟೋಬರ್ 1150. ಜನವರಿಯಿಂದ ಏಪ್ರಿಲ್‌ಗೆ ಇಳಿದದ್ದು ಶೇ 9ರಷ್ಟು, ಅದಕ್ಕೆ ಸಿಹಿ ಹಂಚಬೇಡಿ. ಏಪ್ರಿಲ್‌ನಲ್ಲಿ ಎರಡನೇ ಔಷಧಿ ಸೇರಿತು, ಜುಲೈಗೆ ಹತ್ತಿರಹತ್ತಿರ ಅರ್ಧ ಆಯಿತು. ಇದು ನಿಜವಾದ ಇಳಿಕೆ. ಅಕ್ಟೋಬರ್‌ನ 1150 ನೋಡಿದ ಕೂಡಲೇ ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದೇ ಹಾಳೆಯಲ್ಲಿ ಕೆಳಗೆ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ಏರುವ ನಂಬರ್) 0.9ರಿಂದ 1.6ಕ್ಕೆ ಹೋಗಿದೆ. ಮೂತ್ರ ಜಾಸ್ತಿ ಹೋಗುವ ಮಾತ್ರೆಯ ಡೋಸ್ ಏರಿಸಿದ ಮೇಲೆ ಕಿಡ್ನಿ ಸ್ವಲ್ಪ ಒಣಗಿದೆಯಾ, ಅಥವಾ ಹೃದಯವೇ ಸುಸ್ತಾಗಿ ಕಿಡ್ನಿಗೆ ರಕ್ತ ಸಾಲುತ್ತಿಲ್ಲವಾ? ಎರಡಕ್ಕೂ ನಂಬರ್ ಒಂದೇ ಥರ ಏರುತ್ತದೆ. ಮೊದಲನೆಯದಾದರೆ ಮಾತ್ರೆ ಇಳಿಸಬೇಕು, ಎರಡನೆಯದಾದರೆ ಚಿಕಿತ್ಸೆ ಏರಿಸಬೇಕು. ಕಾಲಿನ ಊತ, ತೂಕ, ಕತ್ತಿನ ರಕ್ತನಾಳ, ಎಕೋ ನೋಡದೆ ಇದನ್ನು ಬಿಡಿಸೋಕಾಗಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ಒಂದೇ ನಂಬರ್ ಕಳಿಸಿ "ಹೇಗಿದೆ ಹೇಳಿ" ಅಂದರೆ ಯಾವ ಒಳ್ಳೇ ಡಾಕ್ಟರೂ ಉತ್ತರ ಕೊಡೋದಿಲ್ಲ.

ಹೃದಯ ಬಿಟ್ಟು ಬೇರೆ ಯಾವುದಕ್ಕೆ ನಂಬರ್ ಏರುತ್ತೆ, ಇಳಿಯುತ್ತೆ?

ವಯಸ್ಸಾದಂತೆ ಏರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಕಿಡ್ನಿ ಕಾಯಿಲೆಯಲ್ಲಿ ಏರುತ್ತದೆ, ಡಯಾಲಿಸಿಸ್‌ನವರಲ್ಲಿ ಸಾವಿರಗಟ್ಟಲೆ ಇರೋದು ಮಾಮೂಲು. ಎದೆಬಡಿತ ತಾಳತಪ್ಪಿದರೂ, ಅಂದ್ರೆ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೂ ಏರುತ್ತದೆ. ಜೋರು ಸೋಂಕು ತಗುಲಿದ್ದಾಗಲೂ ಏರಬಹುದು.

ಉಲ್ಟಾ ಮೋಸ ಮಾಡುವುದು ಬೊಜ್ಜು. ದಪ್ಪ ಇರುವವರಲ್ಲಿ ನಂಬರ್ ಇರಬೇಕಾದದ್ದಕ್ಕಿಂತ ಕಡಿಮೆ ಬರುತ್ತದೆ. ಕಾಯಿಲೆ ಇನ್ನೂ ಶುರುವಿನಲ್ಲಿದ್ದು ಹೃದಯ ತಡೆದುಕೊಂಡಿದ್ದರೆ ಪೂರ್ತಿ ನಾರ್ಮಲ್ ಕೂಡ ಬರಬಹುದು. ಹಾಗಾಗಿ ನಾರ್ಮಲ್ ಬಂತು ಅಂತ ಎಕೋ ಬಿಡಬೇಡಿ.

ಎಕೋದಲ್ಲಿ ಪ್ರೆಶರ್ ಕಡಿಮೆ ಆಗಿದೆ ಅಂತ ಬಂತು, ಆದ್ರೆ ಎನ್‌ಟಿ-ಪ್ರೊಬಿಎನ್‌ಪಿ ಏರಿದೆ. ಯಾವುದೋ ಒಂದು ತಪ್ಪಲ್ವಾ?

ಎರಡೂ ಸರಿ ಇರಬಹುದು, ಅದೇ ಚಿಂತೆಯ ವಿಷಯ. ಬಲಗಡೆಯ ಹೃದಯ ತೀರಾ ದಣಿದಾಗ ಅದು ಮುಂದಕ್ಕೆ ನೂಕುವ ರಕ್ತವೇ ಕಡಿಮೆಯಾಗುತ್ತದೆ. ನೂಕುವುದು ಕಡಿಮೆಯಾದರೆ ಒತ್ತಡವೂ ಇಳಿಯುತ್ತದೆ. ಪ್ರೆಶರ್ ಇಳಿಯಿತು ಅಂತ ಮನೆಯವರು ನಿಟ್ಟುಸಿರು ಬಿಡುತ್ತಿರುವಾಗ ಕಾಲು ಊದುತ್ತಿರುತ್ತದೆ, ಹೊಟ್ಟೆ ಉಬ್ಬುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಏರಿದ ರಕ್ತದ ನಂಬರ್ ನಿಜ ಹೇಳುತ್ತಿರಬಹುದು. ಈ ಎರಡು ಹಾಳೆ ಒಟ್ಟಿಗೆ ಕೈಗೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಟ್ರೋಪೋನಿನ್ ಕೂಡ ಬರೆದಿದ್ದಾರೆ. ಹಾರ್ಟ್ ಅಟ್ಯಾಕ್ ಅನುಮಾನನಾ?

ಎದೆನೋವು ಇಲ್ಲದಿದ್ದರೆ ಬಹುಶಃ ಅಲ್ಲ. ಬಲಗಡೆಯ ಹೃದಯದ ಸ್ನಾಯುವಿಗೆ ಪೆಟ್ಟು ಬೀಳುತ್ತಿದೆಯಾ ಅಂತ ನೋಡೋಕೆ. ಪಿಎಚ್‌ನಲ್ಲಿ ಇದು ಸ್ವಲ್ಪ ಏರಿದ್ದರೂ ಕಾಯಿಲೆ ಭಾರವಾಗಿದೆ ಅನ್ನೋ ಕಡೆಗೆ ಬೆರಳು ತೋರಿಸುತ್ತದೆ.

ಯೂರಿಕ್ ಆಸಿಡ್ 9 ಬಂದಿದೆ. ಕೀಲುನೋವೇನೂ ಇಲ್ಲ. ಬೇಳೆ ಬಿಡಬೇಕಾ?

ಪಿಎಚ್ ಜಾಸ್ತಿ ಇರುವವರಲ್ಲಿ ಯೂರಿಕ್ ಆಸಿಡ್ ಏರೋದು ಹಳೆಯ ಕಾಲದಿಂದ ಗೊತ್ತಿರುವ ವಿಷಯ. ಮೈಯ ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಅದು ಜಾಸ್ತಿ ತಯಾರಾಗುತ್ತದೆ, ಕಿಡ್ನಿ ಅದನ್ನು ಹೊರಹಾಕುವುದೂ ಕಡಿಮೆಯಾಗುತ್ತದೆ. ಮೂತ್ರ ಹೋಗಿಸುವ ಮಾತ್ರೆಗಳೂ ಅದನ್ನು ಏರಿಸುತ್ತವೆ, ಹಾಗಾಗಿ ಇದೊಂದನ್ನೇ ಹಿಡಿದು ಏನೂ ತೀರ್ಮಾನ ಮಾಡೋದಿಲ್ಲ. ಬೇಳೆ ಬಿಟ್ಟರೆ ಪಿಎಚ್ ಇಳಿಯೋದಿಲ್ಲ. ಅನ್ನ ಸಾರು ನೆಮ್ಮದಿಯಾಗಿ ತಿನ್ನಿ, ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವು) ಇದ್ದರೆ ಮಾತ್ರ ಕೇಳಿ.

ಸೋಡಿಯಂ, ಕ್ರಿಯಾಟಿನಿನ್, ಬಿಲಿರುಬಿನ್ ಎಲ್ಲ ಪ್ರತಿ ಸಲ ಯಾಕೆ?

ನನ್ನ ಕೇಳಿದರೆ ಈ ಅಗ್ಗದ ಟೆಸ್ಟ್‌ಗಳಿಗೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ. ಎನ್‌ಟಿ-ಪ್ರೊಬಿಎನ್‌ಪಿ ಸಾವಿರ ರೂಪಾಯಿ ದಾಟುತ್ತದೆ. ಇವು ಅದರ ಕಾಲು ಭಾಗವೂ ಆಗೋದಿಲ್ಲ, ಆದರೂ ಬಲಗಡೆಯ ಹೃದಯ ಬೇರೆ ಅಂಗಗಳನ್ನು ಎಷ್ಟು ಕೆಡಿಸಿದೆ ಅಂತ ಇವೇ ಹೇಳೋದು.

ಸೋಡಿಯಂ 136 ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಬಲಗಡೆಯ ಹೃದಯ ಸೋಲುತ್ತಿರುವ ಗುರುತಾಗಿರಬಹುದು ಅಂತ ಪಿಎಎಚ್‌ನಲ್ಲಿ ನೋಡಿದ್ದಾರೆ. ಇಲ್ಲಿ ಒಂದು ಅನಾಹುತ ಆಗುತ್ತದೆ. "ಸೋಡಿಯಂ ಕಡಿಮೆ" ಅಂತ ಓದಿದ ಕೂಡಲೇ ಮನೆಯಲ್ಲಿ ಮಜ್ಜಿಗೆಗೆ ಉಪ್ಪು ಹಾಕಿ ಹಾಕಿ ಕೊಡುತ್ತಾರೆ, ಊಟಕ್ಕೆ ಉಪ್ಪಿನಕಾಯಿ ಹಪ್ಪಳ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಉಪ್ಪು ಕಡಿಮೆಯಾಗಿರೋದಿಲ್ಲ, ನೀರು ಜಾಸ್ತಿ ನಿಂತು ರಕ್ತ ತೆಳುವಾಗಿರುತ್ತದೆ. ಉಪ್ಪು ಕೊಟ್ಟರೆ ಇನ್ನೂ ನೀರು ನಿಂತು ಕಾಲು ಊದುತ್ತದೆ. ಮೂತ್ರ ಹೋಗಿಸುವ ಮಾತ್ರೆಯಿಂದಲೂ ಸೋಡಿಯಂ ಇಳಿಯಬಹುದು, ಅದಕ್ಕೆ ದಾರಿ ಬೇರೆ. ಕೇಳದೆ ಉಪ್ಪು ಕೊಡಬೇಡಿ.

ಬಿಲಿರುಬಿನ್ ಕಥೆಯೂ ಹೀಗೇ. ಹೃದಯ ಖಾಲಿ ಮಾಡಲಾಗದ ರಕ್ತ ಹಿಂದಕ್ಕೆ ಲಿವರ್‌ನಲ್ಲಿ ನಿಲ್ಲುತ್ತದೆ, ಲಿವರ್ ಊದುತ್ತದೆ, ಬಿಲಿರುಬಿನ್ ಏರುತ್ತದೆ, ಕಣ್ಣು ಹಳದಿಯಾಗುತ್ತದೆ. ಕಾಮಾಲೆ ಅಂತ ನಾಟಿ ಔಷಧಿಗೆ ಓಡುವವರಿದ್ದಾರೆ. ಪಿಎಚ್ ಇರುವವರ ಕಣ್ಣು ಹಳದಿಯಾದರೆ ಮೊದಲು ಹೋಗಬೇಕಾದದ್ದು ಹೃದಯದ ಡಾಕ್ಟರ್ ಹತ್ತಿರ.

ಹಿಮೋಗ್ಲೋಬಿನ್ 12 ಇದೆ, ಆದ್ರೂ ಫೆರಿಟಿನ್ ಮಾಡಿಸಿ ಅಂದಿದ್ದಾರೆ. ದುಡ್ಡು ದಂಡ ಅಲ್ವಾ?

ದಂಡ ಅಲ್ಲ. ಹಿಮೋಗ್ಲೋಬಿನ್ ಸರಿಯಿದ್ದೂ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಪಿಎಎಚ್ ಇರುವವರಲ್ಲಿ ಇದು ತುಂಬಾ ಸಾಮಾನ್ಯ, ಇದ್ದರೆ ನಡೆಯುವ ಶಕ್ತಿಯೂ ಕಡಿಮೆ. ಫೆರಿಟಿನ್ ಆ ದಾಸ್ತಾನಿನ ಅಳತೆ. ಅದು 100ಕ್ಕಿಂತ ಕಡಿಮೆ ಇದ್ದರೆ, ಅಥವಾ 100ರಿಂದ 299ರ ನಡುವೆ ಇದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಅನ್ನೋದು) ಶೇ 20ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಅಂತ ತಗೊಳ್ಳುತ್ತಾರೆ. ಲ್ಯಾಬ್ ರಿಪೋರ್ಟಿನಲ್ಲಿ 15 ಇದ್ದರೂ ನಾರ್ಮಲ್ ಅಂತ ಅಚ್ಚಾಗಿರಬಹುದು, ಮತ್ತೆ ಅದೇ 125ರ ಥರದ ಗೊಂದಲ.

ನುಗ್ಗೆಸೊಪ್ಪು, ರಾಗಿ ಒಳ್ಳೆಯದೇ. ಆದರೆ ಖಾಲಿಯಾದ ದಾಸ್ತಾನು ಊಟದಿಂದ ಮಾತ್ರ ತುಂಬೋದು ಕಷ್ಟ. ಮಾತ್ರೆನಾ, ಡ್ರಿಪ್‌ನಾ ಅಂತ ಡಾಕ್ಟರ್ ಹೇಳುತ್ತಾರೆ. ಮಾತ್ರೆ ಆದರೆ ಅದರ ಹಿಂದೆಯೇ ಕಾಫಿ ಟೀ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತೋದಿಲ್ಲ.

ಹುಟ್ಟಿನಿಂದ ಹೃದಯದಲ್ಲಿ ತೂತಿದ್ದು ತುಟಿ ಉಗುರು ನೀಲಿಯಾಗಿರುವವರಲ್ಲಿ ಹಿಮೋಗ್ಲೋಬಿನ್ 18, 20 ಇರಬಹುದು. ಆಮ್ಲಜನಕ ಕಡಿಮೆ ಇರುವುದಕ್ಕೆ ಮೈ ಮಾಡಿಕೊಂಡ ಏರ್ಪಾಡು ಅದು. "ರಕ್ತ ಜಾಸ್ತಿ ಆಗಿದೆ, ತೆಗೆಸಿಬಿಡಿ" ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಸುಮ್ಮಸುಮ್ಮನೆ ತೆಗೆದರೆ ಕಬ್ಬಿಣ ಹೋಗಿ ತೊಂದರೆ ಹೆಚ್ಚುತ್ತದೆ.

ಎಚ್‌ಐವಿ, ಎಎನ್‌ಎ, ಥೈರಾಯ್ಡ್... ಇಷ್ಟೆಲ್ಲ ರಕ್ತ ಯಾಕೆ ತೆಗೆದರು?

ಇವು ಕಾಯಿಲೆ ಎಷ್ಟಿದೆ ಅಂತ ಅಳೆಯೋಕಲ್ಲ, ಯಾಕೆ ಬಂತು ಅಂತ ಹುಡುಕೋಕೆ. ಎಚ್‌ಐವಿ ಪಿಎಎಚ್‌ಗೆ ಕಾರಣ ಆಗಬಲ್ಲದು. ಹೆಪಟೈಟಿಸ್ ಬಿ, ಸಿ ಲಿವರ್ ಕೆಡಿಸಿ ಆ ದಾರಿಯಿಂದ ತರಬಹುದು. ಪಿಎಎಚ್ ಇರುವ ಎಲ್ಲರಿಗೂ ಕೇಳುವ ಪಟ್ಟಿ ಇದು, ನಿಮ್ಮ ನಡತೆಯ ಮೇಲೆ ಅನುಮಾನ ಪಟ್ಟು ಅಲ್ಲ.

ಎಎನ್‌ಎ, ಆಂಟಿಸೆಂಟ್ರೊಮಿಯರ್ ಅನ್ನುವವು ಸ್ಕ್ಲೀರೋಡರ್ಮಾದಂಥ (ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮ, ನಾಳಗಳ ಮೇಲೆ ತಿರುಗಿಬೀಳುವ) ಕಾಯಿಲೆ ಹುಡುಕೋಕೆ. ಚಳಿಯಲ್ಲಿ ಬೆರಳು ಬೆಳ್ಳಗಾಗಿ ನೀಲಿಯಾಗುವುದು, ಚರ್ಮ ಬಿಗಿಯಾಗುವುದು ಇದ್ದರೆ ಖಂಡಿತ ಹೇಳಿ. ಸ್ಕ್ಲೀರೋಡರ್ಮಾ ಇರುವವರಲ್ಲಿ ಪಿಎಎಚ್ ಬೇಗ ಹಿಡಿಯೋಕೆ ಡಿಟೆಕ್ಟ್ ಅನ್ನೋ ಲೆಕ್ಕ ಇದೆ. ಅದರ ಮೊದಲ ಹೆಜ್ಜೆಯಲ್ಲಿ ಶ್ವಾಸಕೋಶದ ಪರೀಕ್ಷೆ, ಇಸಿಜಿ, ಚರ್ಮದ ಕೆಂಪು ಚುಕ್ಕೆಗಳ ಜೊತೆ ರಕ್ತದಲ್ಲಿ ಆಂಟಿಸೆಂಟ್ರೊಮಿಯರ್, ಎನ್‌ಟಿ-ಪ್ರೊಬಿಎನ್‌ಪಿ, ಯೂರಿಕ್ ಆಸಿಡ್ ಮೂರನ್ನೂ ಸೇರಿಸುತ್ತಾರೆ. ಆಮೇಲೆ ಎಕೋ ಬೇಕಾ, ಕ್ಯಾಥೆಟರ್ ಬೇಕಾ ಅಂತ ತೀರ್ಮಾನ.

ಡಿ-ಡೈಮರ್ ನಾರ್ಮಲ್ ಇದೆ. ಗಡ್ಡೆ ಇಲ್ಲ ಅಂತ ಆಯ್ತಲ್ಲ?

ಹೊಸ ಗಡ್ಡೆಗೆ ಆ ಟೆಸ್ಟ್. ತಿಂಗಳುಗಟ್ಟಲೆ ಹಳೆಯದಾಗಿ ಗೋಡೆಗೆ ಅಂಟಿಕೊಂಡ ಗಡ್ಡೆಯನ್ನು ಡಿ-ಡೈಮರ್ ತಳ್ಳಿಹಾಕೋದಿಲ್ಲ. ಅದಕ್ಕೆ ವಿ/ಕ್ಯೂ ಸ್ಕ್ಯಾನ್ (ಶ್ವಾಸಕೋಶದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ತಲುಪುತ್ತಿದೆ ಅಂತ ನೋಡುವುದು) ಬೇಕು. ನಾಲ್ಕನೇ ಗುಂಪಿನ ಪಿಎಚ್‌ಗೆ ಆಪರೇಶನ್ ಮಾಡಿ ಗಡ್ಡೆ ತೆಗೆಯುವ ಅವಕಾಶ ಇದೆ, ಹಾಗಾಗಿ ಈ ಸ್ಕ್ಯಾನ್ ತಪ್ಪಿಸಬೇಡಿ.

ಬೋಸೆಂಟಾನ್ ಶುರು ಮಾಡಿದ ಮೇಲೆ ತಿಂಗಳು ತಿಂಗಳು ರಕ್ತ ಕೇಳ್ತಾರೆ. ಕಾಯಿಲೆ ಏರ್ತಿದೆ ಅಂತನಾ?

ಇಲ್ಲ, ಪಿಎಎಚ್‌ಗೆ ಕೊಡುವ ಆ ಮಾತ್ರೆ ಲಿವರ್‌ಗೆ ತೊಂದರೆ ಕೊಡಬಹುದು, ಅದಕ್ಕೆ ತಿಂಗಳಿಗೊಮ್ಮೆ ಲಿವರ್ ಟೆಸ್ಟ್. ಬೋಸೆಂಟಾನ್, ಅದೇ ಜಾತಿಯ ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್ ಮೂರೂ ಹಿಮೋಗ್ಲೋಬಿನ್ ಇಳಿಸಬಹುದು, ಮೂರೂ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹಾಗಾಗಿ ಗರ್ಭಿಣಿ ಅಲ್ಲ ಅನ್ನೋ ಪರೀಕ್ಷೆಯೂ ಇರುತ್ತದೆ. ಬೋಸೆಂಟಾನ್ ಗರ್ಭನಿರೋಧಕ ಗುಳಿಗೆಯ ಬಲವನ್ನೂ ಕುಗ್ಗಿಸುತ್ತದೆ, ಇದನ್ನು ಮುಜುಗರ ಬಿಟ್ಟು ಕೇಳಿ ತಿಳ್ಕೊಳ್ಳಿ. ಪಿಎಎಚ್‌ನ ಬೇರೆ ಮಾತ್ರೆಗಳಾದ ಸಿಲ್ಡೆನಾಫಿಲ್, ಟಡಾಲಾಫಿಲ್‌ಗೆ ಇಂಥ ತಿಂಗಳ ಕಾಟ ಇಲ್ಲ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಎನ್‌ಟಿ-ಪ್ರೊಬಿಎನ್‌ಪಿಗೆ ಬೇಡ. ಇಡ್ಲಿ ತಿಂದೇ ಬನ್ನಿ, ನೀರನ್ನು ನಿಮಗೆ ಹೇಳಿರುವ ಮಿತಿಯೊಳಗೆ ಕುಡಿದಿರಿ, ನರ ಸಿಗೋದು ಸುಲಭ. ಮಾತ್ರೆಗಳನ್ನು ಬಿಡಬೇಡಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಮಾತ್ರ ರಕ್ತ ಕೊಡುವ ಮುಂಚೆ ಹೇಳಿ. ಜಾಸ್ತಿ ಡೋಸಿನ ಬಯೋಟಿನ್ ಕೆಲವು ಮಿಷನ್‌ಗಳಲ್ಲಿ ಫಲಿತಾಂಶ ಕೆಡಿಸುತ್ತದೆ. ಓಡೋಡಿ ಬಂದು ಕೂಡಲೇ ಕೈ ಚಾಚಬೇಡಿ, ಸ್ವಲ್ಪ ಕೂತು ಸುಧಾರಿಸಿಕೊಳ್ಳಿ.

ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು? ಲ್ಯಾಬ್ ಬದಲಾಯಿಸಬಹುದಾ?

ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ, ಔಷಧಿ ಬದಲಾದ ಮೇಲೂ ಅಷ್ಟೇ ಅಂತರದಲ್ಲಿ. ವಾರಕ್ಕೊಮ್ಮೆ ಮಾಡಿಸಿ ಗ್ರಾಫ್ ಬಿಡಿಸೋದರಿಂದ ಲಾಭ ಲ್ಯಾಬಿಗೆ ಮಾತ್ರ. ಆದಷ್ಟು ಒಂದೇ ಲ್ಯಾಬ್ ಇಟ್ಕೊಳ್ಳಿ. ಅದರಲ್ಲೂ ಬಿಎನ್‌ಪಿ ಒಂದು ಕಂಪನಿಯ ಮಿಷನ್‌ನಿಂದ ಇನ್ನೊಂದಕ್ಕೆ ಚೆನ್ನಾಗಿಯೇ ಬದಲಾಗುತ್ತದೆ.

ನಂಬರ್ ಚೆನ್ನಾಗಿದೆ, ಆದ್ರೆ ಅಮ್ಮನಿಗೆ ಮೊನ್ನೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ರಿಪೋರ್ಟ್ ನೋಡಿದ್ರೆ ಸರಿ ಇದೆಯಲ್ಲ?

ರಿಪೋರ್ಟ್ ಪಕ್ಕಕ್ಕಿಟ್ಟು ಇವತ್ತೇ ಕರೆದುಕೊಂಡು ಹೋಗಿ. ಓಡಾಡುವಾಗ ಪ್ರಜ್ಞೆ ತಪ್ಪುವುದು ಪಿಎಚ್‌ನಲ್ಲಿ ದೊಡ್ಡ ಎಚ್ಚರಿಕೆ, ಅದರ ಮುಂದೆ ಯಾವ ನಂಬರಿಗೂ ಬೆಲೆ ಇಲ್ಲ. ಕೆಮ್ಮಿದರೆ ರಕ್ತ, ಹೊಸದಾಗಿ ಎದೆನೋವು, ಕೂತಲ್ಲೇ ದಮ್ಮು, ದಿನದಿಂದ ದಿನಕ್ಕೆ ಏರುವ ತೂಕ, ಇವಕ್ಕೂ ಇದೇ ಮಾತು.

ಇನ್ನೂ ಹೊಸ ಟೆಸ್ಟ್‌ಗಳು ಬಂದಿವೆಯಂತೆ?

ಜಿಡಿಎಫ್-15, ಎಸ್‌ಟಿ2, ಗ್ಯಾಲೆಕ್ಟಿನ್-3, ಇಂಟರ್‌ಲ್ಯೂಕಿನ್-6 ಅಂತ ಹೆಸರು ಕೇಳಿರಬಹುದು. ಕಾಯಿಲೆ ಭಾರವಾದಂತೆ ಏರುತ್ತವೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಹೃದಯದ ಹೊರೆ ಹೇಳುವ ಇಂಥ ಸೂಚಕಗಳ ಪೈಕಿ ದಿನನಿತ್ಯದ ಚಿಕಿತ್ಸೆಯಲ್ಲಿ ಅಂಕಪಟ್ಟಿಯೊಳಗೆ ಕೂತಿರುವುದು ಬಿಎನ್‌ಪಿ ಕುಟುಂಬ ಒಂದೇ. ಪ್ಯಾಕೇಜ್ ಅಂತ ಯಾರಾದರೂ ಇವನ್ನೆಲ್ಲ ಸೇರಿಸಿ ಮಾರಿದರೆ ದುಡ್ಡು ಉಳಿಸಿ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. ಅದಕ್ಕೆ ಬೇಕಾಗಿರೋದು ಉದ್ದದ ಕಾರಿಡಾರ್, ಒಂದು ಗಡಿಯಾರ.

ಮಕ್ಕಳಿಗೂ ಇದೇ ಗೆರೆಗಳಾ?

ಅಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಆರೋಗ್ಯವಾಗಿರುವ ಕೂಸಿನಲ್ಲೂ ಈ ನಂಬರ್ ತುಂಬಾ ಜಾಸ್ತಿ ಇದ್ದು ಆಮೇಲೆ ಇಳಿಯುತ್ತದೆ. ಮಕ್ಕಳ ಹೃದಯದ ಡಾಕ್ಟರೇ ನೋಡಬೇಕು.

ಡಾಕ್ಟರ್ ಹತ್ರ ಹೋಗುವಾಗ ಏನೇನು ತಗೊಂಡು ಹೋಗಲಿ?

ಹಳೆಯ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ. ಒಂದೇ ಹಾಳೆಯಲ್ಲಿ ಮೂರು ಸಾಲು ಬರೆದಿಡಿ: ತಾರೀಖು, ಎನ್‌ಟಿ-ಪ್ರೊಬಿಎನ್‌ಪಿ, ಕ್ರಿಯಾಟಿನಿನ್. ಅದರ ಪಕ್ಕ ಅವತ್ತಿನ ತೂಕ, ಆಗ ಯಾವ ಔಷಧಿ ಎಷ್ಟು ಡೋಸ್ ಇತ್ತು ಅಂತ. ಜಯದೇವದಂಥ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಡಾಕ್ಟರ್ ಮುಂದೆ ನಿಮಗೆ ಸಿಗುವುದು ಕೆಲವೇ ನಿಮಿಷ. ಫೈಲ್ ತಿರುವಿಹಾಕೋದರಲ್ಲೇ ಆ ಹೊತ್ತು ಕಳೆದುಹೋಗಬಾರದು ಅಲ್ವಾ. ಮಾತ್ರೆಯ ಹೆಸರು ನೆನಪಾಗದಿದ್ದರೆ ಖಾಲಿ ಸ್ಟ್ರಿಪ್‌ಗಳನ್ನೇ ಒಂದು ಕವರಿಗೆ ಹಾಕಿ ತನ್ನಿ, ಬಣ್ಣ ಹೇಳಿ ಗುರುತು ಹಿಡಿಯಿರಿ ಅಂದರೆ ನಮಗೂ ಕಷ್ಟ, ಡಾಕ್ಟರಿಗೂ ಕಷ್ಟ.